ಒಂಬತ್ತು ದಿನದ ಅರಸನ ಕುದುರೆ

ಡಂಬರು ಭೂಯಾಂ ಎಂಬವನ ಸುದ್ದಿ ಎತ್ತುವ ಮೊದಲು ಅವನ ವಂಶದ ಹಿರಿಯ ಕರ್ಮುವಿನ ಹೆಸರು ಹೇಳಬೇಕು. ಬೇರು ತೋರಿಸದೆ ಮರದ ಮಾತಾಡುವುದು ನಮ್ಮ ಗುಡ್ಡದ ಭೂಯಾಂಗಳ ರೀತಿಯಲ್ಲ.

ಕರ್ಮುವಿನ ಕಾಲಕ್ಕೆ ಕೇಂದುಗಡದ ಗುಡ್ಡಗಳಿಗೆ ಅರಸನೇ ಇರಲಿಲ್ಲ. ಹುಲಿ ಇತ್ತು, ಆನೆ ಇತ್ತು, ಇಪ್ಪೆ ಹೂವು ರಾಶಿ ಬೀಳುತ್ತಿತ್ತು, ಜಗಳಕ್ಕೂ ಬರವಿರಲಿಲ್ಲ. ಬಗೆಹರಿಸುವವನು ಮಾತ್ರ ಇರಲಿಲ್ಲ. ಅರಸನಿಲ್ಲದ ನಾಡು ಮೂಗುದಾರವಿಲ್ಲದ ಎತ್ತು ಅನ್ನಿಸಿ, ಹಿರಿಯರು ಕೆಳನಾಡಿನ ಅರಮನೆಯಿಂದ ಒಬ್ಬ ರಾಜಕುಮಾರನನ್ನು ಕದ್ದು ತರುವುದೆಂದು ತೀರ್ಮಾನಿಸಿದರು. ಮಂದಿ ದನ ಕದಿಯುತ್ತಾರೆ, ಧಾನ್ಯ ಕದಿಯುತ್ತಾರೆ. ಅರಸನನ್ನೇ ಕದ್ದವರು ನಾವು. ನಾಲ್ಕು ವರ್ಷದ ಆ ಕೂಸನ್ನು ಬೆನ್ನಿಗೆ ಹಾಕಿಕೊಂಡು ಕರ್ಮು ಮೂರು ಹಗಲು ಕಾಡು ಹಾದು ಬಂದ. ಹಿಂದೆ ಹುಡುಕುವ ಪಡೆ. ಕೆಮ್ಮಿದರೂ ಸಿಕ್ಕಿಬೀಳುವ ಹೆದರಿಕೆಗೆ ಸಿಯಾಲಿ ಬಳ್ಳಿಯ ತುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ. ಕೋಯಿಲಿ ಹೊಳೆ ದಾಟಿ, ಠಾಕುರಾಣಿ ದೇವಿಯ ಬನದ ಸಾಲ ಮರದ ಕೆಳಗೆ ಕೂಸನ್ನು ಇಳಿಸಿ, ಬಳ್ಳಿ ಉಗಿದು, "ಅರಸ ಬಂದ" ಅಂದನಂತೆ.

ಅಂದಿನಿಂದ ಕೇಂದುಗಡದಲ್ಲಿ ಯಾರೇ ಪಟ್ಟಕ್ಕೆ ಬರಲಿ, ಕರ್ಮುವಿನ ವಂಶದವನ ಬೆನ್ನೇರಿಯೇ ಬರಬೇಕು. ಹೊತ್ತವನು ಕುದುರೆ. ಅವನ ಬಾಯಲ್ಲಿ ಸಿಯಾಲಿ ಬಳ್ಳಿಯ ಕಡಿವಾಣ. ಅತ್ತ ಪಟ್ಟದ ಚಪ್ಪರದಲ್ಲಿ ಇನ್ನೊಂದು ವಂಶದ ಭೂಯಾಂ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾನೆ, ಅವನು ಸಿಂಹಾಸನ. ಕುದುರೆ ಅರಸನನ್ನು ಅವನ ತೊಡೆಯ ಮೇಲೆ ಇಳಿಸಬೇಕು. ಅಲ್ಲಿಯವರೆಗೆ ಅರಸನ ಪಾದ ನೆಲ ಮುಟ್ಟಕೂಡದು, ಅವನ ಗಂಟಲಿಗೆ ನೀರು ಇಳಿಯಕೂಡದು, ಕುದುರೆಯ ಬಾಯಿಂದ ಬಳ್ಳಿ ಬೀಳಕೂಡದು. ಮೂರರಲ್ಲಿ ಒಂದು ತಪ್ಪಿದರೂ ಪಟ್ಟ ಕೆಟ್ಟಿತು. ಮುಂದಿನ ಹಕ್ಕುದಾರ ಏರಬಹುದು.

ಡಂಬರುವಿನ ಅಪ್ಪ ಮಂಗುಳು ಹಿಂದಿನ ಅರಸನಿಗೆ ಕುದುರೆಯಾಗಿದ್ದವನು. ಕೋಟೆಯಂಗಳದ ಪಾಚಿ ಕಲ್ಲಿನ ಮೇಲೆ ಜಾರಿ ಅವನ ಮಂಡಿಚಿಪ್ಪು ಒಡೆದಾಗ ಆ ಸದ್ದು ಚಪ್ಪರದವರೆಗೂ ಕೇಳಿತಂತೆ. ಮಂಗುಳುವಿನ ಸದ್ದು ಮಾತ್ರ ಯಾರಿಗೂ ಕೇಳಲಿಲ್ಲ. ಒಡೆದ ಮಂಡಿಯಲ್ಲೇ ಎದ್ದು ಅರಸನನ್ನು ಮುಟ್ಟಿಸಿದ. ಮುಂದೆ ಸಾಯುವವರೆಗೆ ಕುಂಟಿದ. ಅವನು ಕುಂಟುತ್ತ ಬಂದರೆ ಊರು ಎದ್ದು ನಿಲ್ಲುತ್ತಿತ್ತು. ಡಂಬರು ಆ ಕುಂಟುಗಾಲನ್ನೇ ನೋಡುತ್ತ ಬೆಳೆದವನು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಮನೆಯಲ್ಲಿ ಬೇರೆ ಬಂಗಾರ ಇರಲಿಲ್ಲ.

ಡಂಬರುವಿಗೆ ಮೂವತ್ತು ತುಂಬುವ ಹೊತ್ತಿಗೆ ಅರಸ ಹಾವು ಕಚ್ಚಿ ತೀರಿಕೊಂಡ. ಅರಸಿ ಹೆರಿಗೆಯಲ್ಲೇ ಹೋಗಿದ್ದಳು. ಉಳಿದದ್ದು ಆರು ವರ್ಷದ ಮಗ ತ್ರಿಲೋಚನ ದೇವ, ಮತ್ತು ಅವನ ಚಿಕ್ಕಪ್ಪ ಪುರಂದರ ದೇವ. ಹಾಲುಹಲ್ಲು ಬಿದ್ದಿರದ ಹುಡುಗ ಕತ್ತಿ ಹಿಡಿಯುತ್ತಾನೆಯೇ ಎಂದು ಪುರಂದರ ಕೇಳಿದ. ಕದ್ದು ತಂದ ಅರಸ ಇದಕ್ಕಿಂತ ಚಿಕ್ಕವನಿದ್ದ ಎಂದು ನಮ್ಮ ಮುಖಂಡರು ಹೇಳಿದರು. ಪುರಂದರ ನಕ್ಕು, "ಹಾಗಾದ್ರೆ ಅದೇ ದಾರೀಲಿ ಬರ್ಲಿ. ಕರ್ಮು ಇಳಿಸಿದ ಬನದಿಂದ ಕೋಟೆಯವರೆಗೆ" ಅಂದ. ಇತ್ತೀಚಿನ ಅರಸರು ಕೋಟೆಯಂಗಳವನ್ನು ಒಂದು ಸುತ್ತು ಸುತ್ತಿ ಮುಗಿಸುತ್ತಿದ್ದರು. ಬನದಿಂದ ಕೋಟೆಗೆ ಎರಡು ಹರಿದಾರಿ, ಮಧ್ಯೆ ಹೊಳೆ, ಮೇಲೆ ಜ್ಯೇಷ್ಠದ ಬಿಸಿಲು. ಹಳೆಯ ಪದ್ಧತಿ ಎಂದರೆ ನಮ್ಮವರು ಹಿಂದೆ ಸರಿಯುವಂತಿರಲಿಲ್ಲ. ಒಪ್ಪಿದರು.

ಪಟ್ಟಕ್ಕೆ ನಾಲ್ಕು ದಿನ ಇರುವಾಗ ಹುಡುಗನಿಗೆ ರೂಢಿ ಮಾಡಿಸಲು ಡಂಬರುವನ್ನು ಕೋಟೆಗೆ ಕರೆಸಿದರು. ಹುಡುಗ ಅವನ ಸುತ್ತ ಒಂದು ಸುತ್ತು ಬಂದ, ಕಾಲಿನಿಂದ ತಲೆಯವರೆಗೆ ನೋಡಿದ.

"ನೀನೇನಾ ಕುದುರೆ?"

"ಹೌದು ಒಡೆಯಾ."

"ಬಾಲ ಎಲ್ಲಿ?"

"ಮನೇಲಿ ಬಿಟ್ಟು ಬಂದೀನಿ. ಪಟ್ಟದ ದಿನ ಹಾಕ್ಕೊಂಡು ಬರ್ತೀನಿ."

"ಸುಳ್ಳು. ಹುಲ್ಲು ತಿಂತೀಯಾ?"

"ಅಂಬಲಿ ಕುಡೀತೀನಿ."

"ಕುದುರೆ ಅಂಬಲಿ ಕುಡಿಯಲ್ಲ."

"ಬಡವರ ಕುದುರೆ ಕುಡೀತದೆ ಒಡೆಯಾ."

ಹುಡುಗ ಬಿದ್ದು ಬಿದ್ದು ನಕ್ಕ. ಅಪ್ಪ ಸತ್ತಮೇಲೆ ಅವನು ನಕ್ಕದ್ದು ಅಂದೇ ಮೊದಲು ಎಂದು ಸಾಕುತಾಯಿ ಸೆರಗಿಗೆ ಕಣ್ಣೊರೆಸಿಕೊಂಡಳು. ಆಮೇಲೆ ಡಂಬರು ಅವನನ್ನು ಬೆನ್ನಿಗೇರಿಸಿಕೊಂಡು ಅಂಗಳವೆಲ್ಲ ಸುತ್ತಿದ. "ನಾಳೆ ನಾಳಿದ್ದು ಹೀಗೆ ಮಾತಾಡ್ಬಹುದು. ಪಟ್ಟದ ದಿನ ನನ್ನ ಬಾಯಲ್ಲಿ ಬಳ್ಳಿ ಇರ್ತದೆ. ಕುದುರೆ ಮಾತಾಡಲ್ಲ."

"ನಿಲ್ಲು ಅಂತ ಹೇಳ್ಬೇಕಾದ್ರೆ?"

ಡಂಬರು ತನ್ನ ಕಿವಿ ತೋರಿಸಿದ. "ಎಡಗಿವಿ ಹಿಂಡಿದ್ರೆ ಓಡ್ತೀನಿ. ಬಲಗಿವಿ ಹಿಂಡಿದ್ರೆ ನಿಲ್ತೀನಿ."

"ಆಣೆ?"

"ಠಾಕುರಾಣಿ ಆಣೆ."

ಹುಡುಗ ಆ ಮೂರು ದಿನ ಅವನ ಎರಡು ಕಿವಿಗಳನ್ನೂ ಕೆಂಪು ಮಾಡಿಟ್ಟ. ಡಂಬರುವಿನ ಹೆಂಡತಿ ಚೈತಿ ಎಣ್ಣೆ ಹಚ್ಚುತ್ತ, "ಇದೇನು ಕುದುರೆನೋ, ಗಂಟೆ ಕಟ್ಟಿದ ಗುಡಿಬಾಗಿಲೋ" ಎಂದು ಚುಡಾಯಿಸಿದಳು. ಅವನು ಮುಗುಳ್ನಕ್ಕ. ಅವರಿಗೆ ಗುರುಬಾರಿ ಎಂಬ ಮಗಳೊಬ್ಬಳಿದ್ದಳು, ಗಂಡುಕೂಸು ಉಳಿದಿರಲಿಲ್ಲ.

ಪಟ್ಟದ ದಿನ ಬೆಳಿಗ್ಗೆ ಬನದಲ್ಲಿ ಪೂಜೆಯಾಯಿತು. ನಮ್ಮ ಪೂಜಾರಿ, ದೇಹುರಿ ಚೆಮಟ, ಹುಡುಗನ ತಲೆಗೆ ಸಿಯಾಲಿ ಎಲೆಯ ರುಮಾಲು ಸುತ್ತಿ, ಡಂಬರುವಿನ ಹಲ್ಲಿಗೆ ಬಳ್ಳಿ ಕೊಟ್ಟ. ಬಳ್ಳಿಯ ರಸ ಕಹಿ, ನಾಲಿಗೆ ಮರಗಟ್ಟಿಸುತ್ತದೆ. ಹುಡುಗ ಬೆನ್ನೇರಿದ. ಹಿಂದಿನ ದಿನದಿಂದ ಉಪವಾಸ; ಮುಖ ಸಣ್ಣಗಾಗಿತ್ತು. ಆದರೂ ಏರಿದ ಕೂಡಲೇ ಎಡಗಿವಿ ಹಿಂಡಿದ. ಡಂಬರು ಹತ್ತು ಹೆಜ್ಜೆ ಓಡಿದ. ಮಂದಿ ಹೋ ಎಂದು ಕೂಗಿದರು, ಚಾಂಗು ತಮಟೆ ಬಡಿದರು. ಎರಡು ಬದಿಯಲ್ಲೂ ಪುರಂದರನ ಆಳುಗಳು ನಡೆಯುತ್ತಿದ್ದರು. ಅವರ ಕಣ್ಣು ದಾರಿಯ ಮೇಲಿರಲಿಲ್ಲ, ಡಂಬರುವಿನ ಬಾಯಿಯ ಮೇಲಿತ್ತು.

ಅರ್ಧ ಹರಿದಾರಿ ಹೋಗುವಷ್ಟರಲ್ಲಿ ಹುಡುಗನ ಕೆನ್ನೆ ಅವನ ಕುತ್ತಿಗೆಗೆ ಒರಗಿತು. ಬಿಸಿಲಿಗೆ ಕಾದದ್ದೆಂದು ಡಂಬರು ಮೊದಲು ತಿಳಿದ. ಸ್ವಲ್ಪ ದೂರ ಹೋದಮೇಲೆ ಅದು ಬಿಸಿಲಿನ ಕಾವಲ್ಲ ಎಂದು ಗೊತ್ತಾಯಿತು. ಕುಲುಮೆಯ ಬಾಯಿ ಬೆನ್ನಿಗೆ ಕಟ್ಟಿದ ಹಾಗೆ ಸುಡುತ್ತಿತ್ತು. ಅರಮನೆಯವರಿಗೆ ಜ್ವರ ಹಿಂದಿನ ದಿನವೇ ಗೊತ್ತಿತ್ತು. ಪಟ್ಟ ನಿಂತರೆ ಪುರಂದರ ಬಿಡುವುದಿಲ್ಲವೆಂದು ಮುಚ್ಚಿಟ್ಟಿದ್ದರು.

ಬಲಗಿವಿಯ ಮೇಲೆ ಪುಟ್ಟ ಬೆರಳು ಬಿದ್ದವು.

ಡಂಬರುವಿನ ಕಾಲು ಒಂದು ಗಳಿಗೆ ತಡೆಯಿತು. ಪಕ್ಕದ ಆಳು ತಟ್ಟನೆ ಅವನ ಬಾಯಿ ನೋಡಿದ. ದೇಹುರಿ ಕೆಳದನಿಯಲ್ಲಿ, "ನಡಿ ಮಗಾ, ನಡಿ. ನಿಂತ ಕುದುರೆ ಕುಂಟುಕುದುರೆ" ಅಂದ. ಡಂಬರು ನಡೆದ. ಬೆರಳು ಮತ್ತೆ ಹಿಂಡಿದವು. ಜೋರಾಗಿ ಅಲ್ಲ, ಜೋರು ಎಲ್ಲಿಂದ ಬರಬೇಕು. ಹುಡುಗ ಕಿವಿಯ ಹತ್ತಿರ ಬಾಯಿಟ್ಟು, "ಕುದುರೇ, ಬಲಗಿವಿ. ಇದು ಬಲಗಿವಿ" ಅಂದ. ಅವನಿಗೆ ಎಡ ಬಲದ ಅನುಮಾನ ಬಂದಿತ್ತು. ತಾನೇ ತಪ್ಪು ಕಿವಿ ಹಿಡಿದೆನೋ ಎಂದು. ಆಮೇಲೆ, "ನೀರು" ಅಂದ.

ಬಳ್ಳಿ ಉಗಿದರೆ ಪಟ್ಟ ಹೋಯಿತು. ಪಟ್ಟ ಹೋದ ಅರಸುಮಗನನ್ನು ಪಟ್ಟಕ್ಕೇರಿದ ಚಿಕ್ಕಪ್ಪ ಎಷ್ಟು ದಿನ ಬದುಕಗೊಡುತ್ತಾನೆ ಎನ್ನುವುದು ಗುಡ್ಡದ ಕುರಿ ಕಾಯುವವನಿಗೂ ಗೊತ್ತಿತ್ತು. ಉಗಿಯದಿದ್ದರೆ ಬೆನ್ನ ಮೇಲೆ ಈ ಬೆಂಕಿ. ಡಂಬರು ಹಲ್ಲು ಕಚ್ಚಿದ. ಬಳ್ಳಿಯ ನಾರು ಒಸಡಿಗೆ ಇಳಿಯಿತು.

ಕೋಯಿಲಿ ಹೊಳೆಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಕುದುರೆ ಹೊಳೆಯಲ್ಲಿ ನೀರು ಕುಡಿಯುವುದು ಸಹಜವಲ್ಲವೇ. ಮೊಣಕಾಲೂರಿ ಮುಖವನ್ನು ನೀರಿಗೆ ಬಗ್ಗಿಸಿದ. ಬೆನ್ನೂ ಬಗ್ಗಿತು, ಹುಡುಗನ ಕೈ ನೀರಿನವರೆಗೆ ಇಳಿಯಿತು. ಒಂದು ಬೊಗಸೆ ಎತ್ತಿಕೊಂಡರೆ ಸಾಕಿತ್ತು. ದೇಹುರಿ ಚೆಮಟ ಕಂಡುಬಿಟ್ಟ. ಪುರಂದರನ ಆಳುಗಳು ಕಾಣುವ ಮೊದಲೇ ಬಳ್ಳಿಯ ಚಾವಟಿಯಿಂದ ಡಂಬರುವಿನ ತೊಡೆಗೆ ಬಾರಿಸಿದ. "ಎದ್ದೇಳು! ಕುಡುಕ ಕುದುರೆ! ಹೊಳೆ ಕಂಡ ಕೂಡ್ಲೇ ಮಂಡಿ ನೋವಾ?"

ಮಂದಿ ನಕ್ಕರು. ಡಂಬರು ಎದ್ದ. ಹುಡುಗನ ಒದ್ದೆ ಬೆರಳು ಅವನ ಕತ್ತಿನ ಮೇಲೆ ತಣ್ಣಗೆ ಹರಿದಾಡಿ, ಸ್ವಲ್ಪ ಹೊತ್ತಿಗೆ ಒಣಗಿದವು. ಆಮೇಲೆ ಕಿವಿ ಹಿಂಡಲಿಲ್ಲ.

ಚಪ್ಪರದಲ್ಲಿ ಸಿಂಹಾಸನದವನಾದ ಬಿಷಿ ತೊಡೆಯೊಡ್ಡಿ ಕೂತಿದ್ದ. ಹುಡುಗನನ್ನು ಇಳಿಸಿದ ಮೇಲೆಯೇ ಬಳ್ಳಿ ಬಿದ್ದದ್ದು. ಪಟ್ಟ ಉಳಿಯಿತು. ಕತ್ತಿ ಮುಟ್ಟಿಸಿದರು. ತೊಡೆಯ ಮೇಲೆ ಕೂತ ಅರಸ ಒಂದು ಅಪ್ಪಣೆ ಕೊಡಬೇಕು. ಅದನ್ನು ತೊಡೆಮಾತು ಎನ್ನುತ್ತೇವೆ. ಮುಂದೆ ಎಷ್ಟು ಅರಸರು ಬಂದರೂ ತೊಡೆಮಾತನ್ನು ಅಳಿಸುವಂತಿಲ್ಲ. ಹಿಂದಿನವರು ಕೆರೆ ಕಟ್ಟಿಸಿ ಅಂದಿದ್ದರು, ಬನ ಕಡಿಯಬೇಡಿ ಅಂದಿದ್ದರು. ಏನು ಹೇಳಬೇಕೆಂದು ಹುಡುಗನಿಗೂ ಬಾಯಿಪಾಠ ಮಾಡಿಸಿದ್ದರು. ಅವನಿಗೆ ಮರೆತುಹೋಗಿತ್ತು. ಕೆಂಡದಂಥ ಕಣ್ಣು ಬಿಟ್ಟು ಸುತ್ತ ನೋಡಿ ಹೇಳಿದ:

"ನನ್ನ ಕುದುರೆಗೆ ನೀರು ಕೊಡಿ. ಹೊಳೇಲಿ ಕುಡಿಯೋಕೆ ಬಿಡ್ಲಿಲ್ಲ."

ಮಂದಿ ಭಲೇ ಎಂದರು. ಆರು ವರ್ಷದ ಬಾಯಲ್ಲಿ ಎಂಥ ಧರ್ಮದ ಮಾತು ಎಂದು ಮುದುಕರು ಕೈಮುಗಿದರು. ಒಂದು ಕೊಡ ನೀರು ತಂದು ಡಂಬರುವಿನ ಮುಂದಿಟ್ಟರು. ಅವನು ನೋಡುತ್ತ ನಿಂತ. ಆ ಕೊಡ ಅತ್ತ ಹೋಗಬೇಕಿತ್ತು, ತೊಡೆಯ ಮೇಲಿದ್ದವನ ಕಡೆಗೆ. ಈಗ ಅವನು ಮಾತಾಡಬಹುದಿತ್ತು, ಬಾಯಲ್ಲಿ ಬಳ್ಳಿ ಇರಲಿಲ್ಲ. ಅಷ್ಟರಲ್ಲಿ ಸಾಕುತಾಯಿ ಹುಡುಗನನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಿದ್ದಳು.

ಅರಸ ತ್ರಿಲೋಚನ ದೇವ ಒಂಬತ್ತು ದಿನ ಆಳಿದ. ಒಂಬತ್ತೂ ದಿನ ಮಂಚದ ಮೇಲೆ. ಡಂಬರು ದಿನವೂ ಕೋಟೆ ಬಾಗಿಲಿಗೆ ಹೋದ. ಕಾವಲಿನವನು ಎಲೆಯಡಿಕೆ ಉಗಿದು, "ಕುದುರೆ ಲಾಯದ ಕಡೆ ಹೋಗ್ಬೇಕು, ಅರಮನೆಗಲ್ಲ" ಅಂದ. ಐದನೆಯ ದಿನ ಅದೇ ಕಾವಲಿನವನು ನಗದೆ, "ಒಳಗೆ ಕುದುರೆ ಕುದುರೆ ಅಂತ ಕನವರಿಸ್ತಾನಂತೆ. ಆದ್ರೂ ಬಿಡೋ ಹಾಗಿಲ್ಲ ಮಾರಾಯಾ, ಪುರಂದರ ಬಾಬು ಅಪ್ಪಣೆ" ಅಂದ. ಒಂಬತ್ತನೆಯ ದಿನ ಕೋಟೆಯ ನಗಾರಿಯನ್ನು ಬೋರಲು ಹಾಕಿದರು.

ವೈದ್ಯ ಹೇಳಿದ್ದು, ಆ ಜ್ವರ ಹೇಗೂ ಬಿಡುತ್ತಿರಲಿಲ್ಲ ಎಂದು. ದೇಹುರಿಯೂ ಅದನ್ನೇ ಹೇಳಿದ, ಚೈತಿಯೂ ಹೇಳಿದಳು. ನಿಜವಿರಬಹುದು. ಆದರೆ ಬದುಕುವವನಾಗಲಿ ಸಾಯುವವನಾಗಲಿ, ಬಾಯಾರಿದವನಿಗೆ ಬಾಯಾರಿಕೆ ಒಂದೇ. ಡಂಬರು ಅಷ್ಟನ್ನೇ ಹಿಡಿದುಕೊಂಡ.

ವರುಷದ ಸೂತಕ ಕಳೆದು ಪುರಂದರನ ಪಟ್ಟ ಬಂತು. ಕುದುರೆ ಅದೇ ಡಂಬರು. ಹೋಗುವುದಿಲ್ಲ ಎಂದು ಮೂರು ದಿನ ಗೋಡೆಗೆ ಮುಖಮಾಡಿ ಮಲಗಿದ. ಕುದುರೆ ಬಾರದಿದ್ದರೆ ಭೂಯಾಂಗಳ ಹಕ್ಕೇ ಹೋಗುತ್ತದೆ, ಕರ್ಮುವಿನ ಹೆಸರು ಮಣ್ಣಾಗುತ್ತದೆ ಎಂದು ಊರೆಲ್ಲ ಬಾಗಿಲಲ್ಲಿ ಕೂತಿತು. ಕೊನೆಗೆ ಎದ್ದ. ಪುರಂದರನಿಗೆ ಹಳೆಯ ದಾರಿ ನೆನಪಾಗಲಿಲ್ಲ. ಕೋಟೆಯಂಗಳದ ಒಂದು ಸುತ್ತು ಸಾಕೆಂದ. ಭಾರೀ ಆಳು. ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತಿದ್ದ. ಚಪ್ಪರ ಇನ್ನು ಇಪ್ಪತ್ತು ಹೆಜ್ಜೆ ಇರುವಾಗ ಅವನ ಗಲ್ಲದಿಂದ ಒಂದು ಬೆವರ ಹನಿ ಡಂಬರುವಿನ ಕತ್ತಿನ ಮೇಲೆ ಬಿತ್ತು. ಬಿಸಿ ಹನಿ.

ಡಂಬರು ನಿಂತ. ಬಳ್ಳಿ ಬಿತ್ತು.

"ನೀರು ಬೇಕಾ ಒಡೆಯಾ?"

ಚಾಂಗು ನಿಂತವು. ತೊಡೆಯೊಡ್ಡಿ ಕೂತಿದ್ದ ಬಿಷಿ, "ಕುದುರೆಗೆ ಮಾತು ಬಂತು, ಇನ್ನು ಸಿಂಹಾಸನ ಎದ್ದು ಕುಣಿಯೋದೊಂದು ಬಾಕಿ" ಎಂದು ಗೊಣಗಿದ. ಯಾರೂ ನಗಲಿಲ್ಲ. ಪಟ್ಟ ಕೆಟ್ಟಿತ್ತು. ಆದರೆ ಪುರಂದರನ ಮುಂದೆ ಇನ್ನೊಬ್ಬ ಹಕ್ಕುದಾರ ಇರಲಿಲ್ಲ. ಹಿಂದೆ ಇನ್ನೂರು ಬಿಲ್ಲಾಳುಗಳಿದ್ದರು. ದೇಹುರಿ ಚೆಮಟ ಅವರನ್ನು ನೋಡಿದ, ಗಂಟಲು ಸರಿಮಾಡಿಕೊಂಡ, ಎಲ್ಲರಿಗೂ ಕೇಳುವಂತೆ ಹೇಳಿದ:

"ಮಾತಲ್ಲ ಅದು. ಕುದುರೆ ಕೆನೆಯಿತು. ಕೆನೆದ್ರೆ ದೋಷ ಇಲ್ಲ. ಬಳ್ಳಿ ಎತ್ತಿ ಕೊಡಿ."

ಬಳ್ಳಿ ಮತ್ತೆ ಬಾಯಿಗೆ ಬಂತು. ಪಟ್ಟ ನಡೆಯಿತು.

ಅಂದು ಮನೆಗೆ ಬಂದ ಡಂಬರು ಒಲೆಯ ಮುಂದೆ ಕೂತ. ಚೈತಿ ಅಂಬಲಿ ಬಡಿಸಿದರೆ ಮುಟ್ಟಲಿಲ್ಲ. "ಕೆನೀಬಹುದಿತ್ತಂತೆ ಚೈತಿ" ಅಂದ.

"ಯಾರು?"

"ಕುದುರೆ. ಕೆನೆದ್ರೆ ದೋಷ ಇಲ್ವಂತೆ. ನಂಗ್ಯಾರೂ ಹೇಳಿರ್ಲಿಲ್ಲ."

"ಅದು ಇವತ್ತು ಹುಟ್ಟಿದ ಶಾಸ್ತ್ರ ಕಣಯ್ಯಾ. ಅವತ್ತು ನೀನು ಕೆನೆದಿದ್ರೆ ಅದೇ ಚೆಮಟ ಮಾತು ಅಂತಿದ್ದ."

"ಕೆನೆದು ನೋಡ್ಬೇಕಿತ್ತು" ಅಂದ ಡಂಬರು. ಮುಂದಿನ ಮೂವತ್ತು ವರುಷ ಅವನು ಆ ಮಾತನ್ನು ಬಿಟ್ಟು ಮೇಲೇಳಲಿಲ್ಲ.

ದೋಷ ಇಲ್ಲವೆಂದರೂ ಕುದುರೆಯ ಹಕ್ಕು ಅವನಿಂದ ಹೋಯಿತು. ಅವನ ದಾಯಾದಿ ತಮ್ಮ ಕುಶನಿಗೆ ಬಂತು. ಅದರ ಜೊತೆಗೆ ಇನ್ನೊಂದೂ ಹೋಯಿತು. ಹುಡುಗ ಅರಸನ ತೊಡೆಮಾತಿನ ಪ್ರಕಾರ ಪ್ರತಿ ಜ್ಯೇಷ್ಠದಲ್ಲಿ ಕೋಟೆಯಿಂದ ಒಂದು ಕೊಡ ಹೊಳೆನೀರು ಕುದುರೆಯ ಮನೆಗೆ ಬರಬೇಕು. ಮೊದಲ ವರುಷ ಬಂದದ್ದನ್ನು ಡಂಬರು ಕುಡಿಯದೆ ಬನದ ಸಾಲ ಮರದ ಬುಡಕ್ಕೆ ಹೊಯ್ದಿದ್ದ. ಈಗ ಕುದುರೆ ಕುಶ. ಕೊಡ ಅವನ ಬಾಗಿಲಿಗೆ ಹೋಗತೊಡಗಿತು. ಕುಡಿಯದ ನೀರಾದರೂ ಅದು ಬಾರದಾದಾಗ ಡಂಬರುವಿನ ಜ್ಯೇಷ್ಠ ಇನ್ನೂ ಬರಿದಾಯಿತು. ಆ ದಿನ ಅವನು ದಾರಿ ನೋಡುತ್ತ ಜಗಲಿಯಲ್ಲಿ ಕೂತಿರುತ್ತಿದ್ದ. ಕೊಡ ಅವನ ಮನೆ ದಾಟಿಯೇ ಹೋಗಬೇಕಿತ್ತು.

ಊರಿಗೆ ಅವನು ಮಾತಾಡೋ ಕುದುರೆಯಾದ. ಗುರುಬಾರಿಯನ್ನು ಕೇಳಲು ಬಂದವರು, "ಅಪ್ಪನ ಹಾಗೆ ಮಗಳೂ ನಡುದಾರೀಲಿ ಬಾಯಿ ಬಿಡ್ತಾಳೇನು?" ಎಂದು ಎದ್ದುಹೋದರು. ಆಮೇಲೆ ಬಹಳ ದೂರದ ಊರಿಗೆ, ಈ ಕಥೆ ತಿಳಿಯದವರಿಗೆ ಕೊಟ್ಟರು. ಅವಳು ತವರಿಗೆ ಬಂದದ್ದು ಕಡಿಮೆ. ಚೈತಿ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಡಂಬರು ಸೌದೆ ಹೊತ್ತು ಬರುವಾಗ ಊರ ಮಕ್ಕಳು ಹಿಂದಿನಿಂದ ಬಂದು ಬಲಗಿವಿ ಹಿಂಡಿ ಓಡಿಹೋಗುತ್ತಿದ್ದರು. ಬೈಯುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. ಅವನು ನಿಲ್ಲುತ್ತಿದ್ದ. ತಲೆಯ ಮೇಲೆ ಹೊರೆ, ಮೇಲೆ ಬಿಸಿಲು. ಎಷ್ಟೋ ಹೊತ್ತು ಹಾಗೇ ನಿಂತಿರುತ್ತಿದ್ದ. ಮಕ್ಕಳಿಗೆ ಅದು ಆಟ. ಯಾರಾದರೂ ಹಿರಿಯರು ಬಂದು ಎಡಗಿವಿ ಮುಟ್ಟಿ, "ನಡಿ ಅಣ್ಣಾ" ಅಂದಮೇಲೆ ನಡೆಯುತ್ತಿದ್ದ.

ಅರವತ್ತು ದಾಟಿದ ಮೇಲೆ, ಒಂದು ಜ್ಯೇಷ್ಠದಲ್ಲಿ, ಅವನಿಗೇ ಜ್ವರ ಬಂತು. ಜಗಲಿಯ ಚಾಪೆಯ ಮೇಲೆ ಬಿದ್ದುಕೊಂಡ. ತುಟಿ ಒಡೆದು ಕಪ್ಪಾಗಿತ್ತು. ನೆರೆಯವರು ತಂದ ಅಂಬಲಿ, ನೀರು, ಒಂದೂ ಒಳಗಿಳಿಯಲಿಲ್ಲ. ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದ. ಬಾಯಿ ಬಿಡಿಸಲು ಹೋದ ಹೆಂಗಸೊಬ್ಬಳು, "ಬಳ್ಳಿ ಇಲ್ಲದಿದ್ರೂ ಕಚ್ಚಿ ಹಿಡಿದವ್ನೆ ನೋಡು" ಎಂದು ಅತ್ತಳು.

ಮಧ್ಯಾಹ್ನ ಕೋಟೆಯ ಕೊಡ ಬಂತು. ಕುಶ ಅದನ್ನು ತನ್ನ ಮನೆಗೆ ಒಯ್ಯಲಿಲ್ಲ. ಅವನಿಗೂ ತಲೆ ನರೆತಿತ್ತು. ಈ ಮೂವತ್ತು ವರುಷ ಆ ನೀರು ಗಂಟಲಲ್ಲಿ ಸಲೀಸಾಗಿ ಇಳಿದಿರಲಿಲ್ಲ ಎಂದು ಆಮೇಲೆ ಅವನೇ ಹೇಳಿದ. ಕೊಡವನ್ನು ಹೊತ್ತುಕೊಂಡು ಬಂದು ಡಂಬರುವಿನ ತಲೆದೆಸೆಯಲ್ಲಿಟ್ಟು, ತಲೆಯೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ.

"ಅಣ್ಣಾ, ನೋಡು. ಹೊಳೆನೀರು. ನಿನ್ನ ಹುಡುಗ ಕಳ್ಸಿದ್ದು. ಇದು ನಂದಲ್ಲ, ಯಾವತ್ತೂ ನಂದಾಗಿರ್ಲಿಲ್ಲ. ಒಂದು ಗುಟುಕು ಕುಡಿ, ಜೀವ ಉಳೀತದೆ."

ಡಂಬರು ಕಣ್ಣು ಬಿಟ್ಟ. ಕೊಡವನ್ನು ನೋಡಿದ. ಕೈಯನ್ನು ಹೇಗೋ ಎತ್ತಿ ಬಲಗಿವಿ ಮುಟ್ಟಿಕೊಂಡ. ಎರಡು ದಿನದಿಂದ ಕಚ್ಚಿದ್ದ ಹಲ್ಲು ಬಿಡಿಸಿದ.

"ಬೇಡ ತಮ್ಮಾ, ಕೊಡ ಅತ್ತ ಹಿಡಿ. ಬೆನ್ನ ಮೇಲಿರೋನು ಮೊದ್ಲು ಕುಡೀಲಿ."